ಸೈಲೆನ್ಸ್‌ಗೆ ಸೆನ್ಸ್ ಪ್ರಾಸ ಅಲ್ಲವಂತೆ. ಯಾಕೆ?

ಅರ್ಧಸಾಲು:
ಎಲ್ಲರಿಗೂ ನಮಸ್ಕಾರ. ಸ್ನೇಹಿತರೊಬ್ಬರ ಕಿರುಚಿತ್ರಕ್ಕೆ ಒಂದು ಇಂಗ್ಲಿಷ್ ಹಾಡು ಬರೆಯುತ್ತಿದ್ದೇನೆ. ಎಂಟೇ ಸಾಲು. ಎರಡನೇ ಸಾಲು ಸೈಲೆನ್ಸ್ ಅಂತ ಮುಗಿಯುತ್ತದೆ, ನಾಲ್ಕನೆಯದು ಸೆನ್ಸ್ ಅಂತ. ಬರೆದ ದಿನ ಖುಷಿಯೋ ಖುಷಿ. ಲೆನ್ಸ್, ಸೆನ್ಸ್, ಎಷ್ಟು ಚೆನ್ನಾಗಿ ಕೂತಿದೆ ಅಂದುಕೊಂಡೆ.

ಹಾಡುವವರು ಚಿಕ್ಕಂದಿನಿಂದ ಮನೆಯಲ್ಲಿ ಇಂಗ್ಲಿಷ್ ಮಾತಾಡಿಯೇ ಬೆಳೆದವರು. ಹಾಳೆ ನೋಡಿದವರೇ "ಇದು ರೈಮ್ ಆಗಲ್ಲ, ಎಲ್ಲೋ ಜಾರುತ್ತೆ" ಅಂದರು. ಯಾಕೆ ಅಂತ ಕೇಳಿದರೆ ಅವರಿಗೂ ಹೇಳೋಕೆ ಬರಲಿಲ್ಲ. ಕಿವಿಗೆ ಹಿಡಿಸುತ್ತಿಲ್ಲ ಅಷ್ಟೇ ಅಂತ.

ನನಗೆ ತಲೆ ಕೆಟ್ಟಿದೆ. ಸದ್ದು ಒಂದೇ. ಸ್ಪೆಲಿಂಗ್ ಕೂಡ ಒಂದಕ್ಷರ ಬಿಟ್ಟರೆ ಅದೇ ಬಾಲ. ಮತ್ತೆ ಯಾಕೆ ಆಗಲ್ಲ? ಆಗಲ್ಲ ಅಂದರೆ ಸರಿಯಾದ ಪ್ರಾಸ ಯಾವುದು? ಅದೂ ಸಿಗದಿದ್ದರೆ ಹತ್ತಿರದ ಪ್ರಾಸ ಹುಡುಕೋದು ಹೇಗೆ?

ಸುಮ್ನೆಬಂದೆ:
ವಯೊಲೆನ್ಸ್ ಹಾಕಿ. ಕೆಲಸ ಮುಗೀತು.

ಅರ್ಧಸಾಲು:
ಅಜ್ಜಿ ಮೊಮ್ಮಗಳ ಕಥೆ ಮಾರಾಯ್ರೆ. ವಯೊಲೆನ್ಸ್ ಎಲ್ಲಿಂದ ತರಲಿ?

ಕಿವಿಮಾತು:
ನಿಮ್ಮ ಗಾಯಕಿ ಹೇಳಿದ್ದು ಸರಿ. ತಪ್ಪಿರುವುದು ಸೆನ್ಸ್‌ನಲ್ಲಿ ಅಲ್ಲ, ನಾವು ಸೈಲೆನ್ಸ್ ಹೇಳುವ ರೀತಿಯಲ್ಲಿ.

ಕನ್ನಡದ ನಾಲಿಗೆ ಸೈ, ಲೆನ್ಸ್ ಎರಡಕ್ಕೂ ಸಮಪಾಲು ಕೊಡುತ್ತದೆ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಒಂದು ಪದದಲ್ಲಿ ಒಂದು ತುಂಡು ಯಜಮಾನ, ಉಳಿದವು ಅದರ ಹಿಂದೆ ಓಡುವವು. ಇಲ್ಲಿ ಒತ್ತು ಬೀಳುವುದು ಸೈ ಮೇಲೆ. (ಒತ್ತಕ್ಷರದ ಒತ್ತು ಅಲ್ಲ, ದನಿಯ ಒತ್ತು.) ಒತ್ತು ಸಿಗದ ಲೆನ್ಸ್‌ನಲ್ಲಿ ನಾವು ಅಂದುಕೊಂಡ ಎ ಸ್ವರ ಇಲ್ಲವೇ ಇಲ್ಲ. ಅಲ್ಲಿರುವುದು ಅರ್ಧ ನುಂಗಿದ ಅ. ಅವರ ಬಾಯಲ್ಲಿ ಅದು ಸೈಲನ್ಸ್‌ಗೆ ಹತ್ತಿರ, ಆ ಲನ್ಸ್ ಕೂಡ ಮುಗಿದದ್ದೇ ಗೊತ್ತಾಗದ ಹಾಗೆ. ಸೆನ್ಸ್‌ನಲ್ಲಾದರೋ ತುಂಬಿದ ಎ ಇದೆ, ಪೂರ್ತಿ ಒತ್ತಿದೆ. ಹಾಗಾಗಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ.

ಪೂರ್ಣಪ್ರಾಸದ ನಿಯಮ ಚಿಕ್ಕದು. ಒತ್ತು ಬಿದ್ದ ಸ್ವರ ಹಿಡಿಯಿರಿ. ಅಲ್ಲಿಂದ ಪದದ ಕೊನೆ ತನಕ ಎಲ್ಲ ಸದ್ದೂ ಒಂದೇ ಇರಬೇಕು. ಆ ಸ್ವರದ ಮುಂಚಿನ ವ್ಯಂಜನ ಮಾತ್ರ ಬೇರೆ ಇರಬೇಕು. ನೈಟ್, ಬ್ರೈಟ್. ನೇಷನ್, ಸ್ಟೇಷನ್. ಸೈಲೆನ್ಸ್‌ಗೆ ಬೇಕಿರುವುದು ಬರೀ ನ್ಸ್ ಅಲ್ಲ, ಐಲನ್ಸ್ ಪೂರ್ತಿ.

ಇನ್ನೂ ನಾಲ್ಕು ಪದ ನೋಡಿ, ಗೊತ್ತಾಗುತ್ತದೆ. ಹೋಟೆಲ್‌ನಲ್ಲಿ ಒತ್ತು ಟೆಲ್ ಮೇಲೆ. ಅದಕ್ಕೇ ಅದು ಬೆಲ್ ಜೊತೆ ಸೇರುತ್ತದೆ. ಇವೆಂಟ್‌ನಲ್ಲಿ ಒತ್ತು ವೆಂಟ್ ಮೇಲೆ, ಟೆಂಟ್ ಜೊತೆ ಸೇರುತ್ತದೆ. ಕಾಮೆಂಟ್‌ನಲ್ಲಿ ಒತ್ತು ಕಾ ಮೇಲೆ. ಕಾಮೆಂಟ್, ಟೆಂಟ್ ಸೇರಲ್ಲ. ಪ್ರೆಸೆಂಟ್ ಅಂತೂ ಎರಡು ಮುಖದ್ದು. ಉಡುಗೊರೆ ಅಂದಾಗ ಒತ್ತು ಮೊದಲಿಗೆ, ಪ್ಲೆಸೆಂಟ್ ಜೊತೆ ಪ್ರಾಸ. ಎದುರಿಗಿಟ್ಟು ತೋರಿಸು ಅನ್ನುವ ಕ್ರಿಯಾಪದವಾದರೆ ಒತ್ತು ಕೊನೆಗೆ, ಆಗ ಇವೆಂಟ್ ಜೊತೆ ಪ್ರಾಸ.

ಅರ್ಧಸಾಲು:
ಅಯ್ಯೋ, ಹೋಟೆಲ್‌ನ ಒತ್ತು ಕೊನೆಗೆ ಅಂತಲೇ ಗೊತ್ತಿರಲಿಲ್ಲ! ನಾನು ಜೀವನವಿಡೀ ಹೋ ಮೇಲೆ ಒತ್ತಿ ಹೇಳಿದ್ದೇನೆ. ಹಾಗಾದರೆ ನನ್ನ ಬಾಯನ್ನೇ ನಂಬೋ ಹಾಗಿಲ್ಲ.

ಕಿವಿಮಾತು:
ನಂಬಬೇಡಿ. ಉಚ್ಚಾರಣೆ ಕೊಡುವ ನಿಘಂಟು ತೆರೆದರೆ ಒತ್ತಿನ ತುಂಡಿನ ಮುಂಚೆ, ಮೇಲ್ಗಡೆ ಒಂದು ಸಣ್ಣ ಗೀಟು ಇರುತ್ತದೆ. ನಮ್ಮಲ್ಲಿ ಜಾಸ್ತಿ ಜನ ಅದನ್ನು ಅಚ್ಚಿನ ಕೊಳೆ ಅಂದುಕೊಂಡು ದಾಟಿ ಹೋಗುತ್ತೇವೆ. ಪ್ರಾಸ ಹುಡುಕುವವರಿಗೆ ಆ ಪುಟದಲ್ಲಿ ಮೊದಲು ಬೇಕಾದದ್ದೇ ಅದು.

ಹಳೇಪೆನ್ಸಿಲ್:
ಒಂದು ಮಾತು ಸೇರಿಸುತ್ತೇನೆ. ನಿಮ್ಮ ಕಿವಿ ಕೆಟ್ಟಿಲ್ಲ, ಬೇರೆ ಕಡೆ ಪಳಗಿದೆ ಅಷ್ಟೇ. ನಮ್ಮ ಹಳೆಯ ಪದ್ಯದಲ್ಲಿ ಮುಖ್ಯವಾದ ಪ್ರಾಸ ಸಾಲಿನ ಕೊನೆಯದ್ದಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ, ಅಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಮುಂಚಿನ ಸ್ವರ ಮೊದಲ ಸಾಲಿನಲ್ಲಿ ಹ್ರಸ್ವವಾದರೆ ಎಲ್ಲದರಲ್ಲೂ ಹ್ರಸ್ವ, ದೀರ್ಘವಾದರೆ ದೀರ್ಘ. ಸಿಂಹಪ್ರಾಸ, ಗಜಪ್ರಾಸ ಅಂತ ಶಾಲೆಯಲ್ಲಿ ಉರು ಹೊಡೆದದ್ದು ನೆನಪಿದೆಯಾ? ಅಲ್ಲಿ ಲೆಕ್ಕ ನಡೆಯುವುದು ಅಕ್ಷರದ ಜಾಗ ಮತ್ತು ಮಾತ್ರೆಯ ಮೇಲೆ. ಒತ್ತಿನ ಪ್ರಶ್ನೆಯೇ ಏಳುವುದಿಲ್ಲ. ಸಾಲಿನ ಕೊನೆಯ ಅಂತ್ಯಪ್ರಾಸದಲ್ಲೂ ನಾವು ಕೊನೆಯ ಅಕ್ಷರ ಕೂಡಿತಾ ಅಂತ ನೋಡುತ್ತೇವೆ. ಇಂಗ್ಲಿಷ್‌ನವರು ಹಿಂದಕ್ಕೆ ಹೋಗಿ ಒತ್ತು ಸಿಕ್ಕ ಕಡೆ ನಿಂತು, ಅಲ್ಲಿಂದ ಎಣಿಸುತ್ತಾರೆ.

ಇನ್ನು ಸ್ಪೆಲಿಂಗ್. ದಯವಿಟ್ಟು ಅದನ್ನು ಮರೆತುಬಿಡಿ. ಲವ್, ಮೂವ್, ಕೋವ್ ಮೂರಕ್ಕೂ ಬರವಣಿಗೆಯಲ್ಲಿ ಒಂದೇ ಬಾಲ, ಬಾಯಲ್ಲಿ ಮೂರು ದಾರಿ. ಒ-ಯು-ಜಿ-ಎಚ್ ಅಂತ ಮುಗಿಯುವವು ಇನ್ನೂ ತಮಾಷೆ. ಟಫ್, ಕಾಫ್, ದೋ, ಥ್ರೂ, ಬೌ. ಒಂದಕ್ಕೊಂದು ಮುಖ ನೋಡಲ್ಲ. ಆ ಕಡೆ ಬ್ಲೂ, ಶೂ, ಥ್ರೂ, ಕ್ಯೂ, ಟೂ ಬರೆಯುವಾಗ ಅಪರಿಚಿತರು, ಹೇಳುವಾಗ ಅಣ್ಣತಮ್ಮಂದಿರು.

1775ರಲ್ಲಿ ಜಾನ್ ವಾಕರ್ ಅನ್ನುವವರು ಒಂದು ಪ್ರಾಸಕೋಶ ಮಾಡಿದರು. ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ ಜೋಡಿಸಿದ್ದು. ಜಾಣ ಉಪಾಯವೇ. ಆದರೆ ಹಾಗೆ ಜೋಡಿಸಿದರೆ ಲವ್ ಮತ್ತು ಮೂವ್ ಅಕ್ಕಪಕ್ಕ ಕೂರುತ್ತವೆ, ಬ್ಲೂ ಮತ್ತು ಶೂ ಊರಾಚೆ ಊರಾಚೆ ಬೀಳುತ್ತವೆ. ಈಗಿನ ಪ್ರಾಸಕೋಶಗಳು ಸಾಮಾನ್ಯವಾಗಿ ಸದ್ದಿನ ಪ್ರಕಾರವೇ ಜೋಡಿಸಿದವು.

ನನ್ನ ಉಪಾಯ ಇನ್ನೂ ಸುಲಭ. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಬಿಡಿ. ಲವ್, ಮೂವ್ ಅಂತ ಬರೆದ ತಕ್ಷಣ ಬಣ್ಣ ಬಯಲು. ನಮ್ಮ ಲಿಪಿ ಸುಳ್ಳು ಹೇಳಲ್ಲ.

ಕಿವಿಮಾತು:
ಹಳೇಪೆನ್ಸಿಲ್ ಸರ್, ಅರ್ಧ ಒಪ್ಪುತ್ತೇನೆ. ಅರ್ಧಸಾಲು ಅವರು ಹಳ್ಳಕ್ಕೆ ಬಿದ್ದದ್ದೇ ಕನ್ನಡ ಲಿಪಿಯಿಂದ ಅಲ್ವಾ? ಸೈಲೆನ್ಸ್ ಅಂತ ಬರೆದಾಗ ಲೆ ಕಾಣಿಸಿತು, ಸೆನ್ಸ್‌ನ ಸೆ ಜೊತೆ ಕೈ ಕುಲುಕಿತು. ಲಿಪಿ ಸ್ಪೆಲಿಂಗ್‌ನ ಸುಳ್ಳು ಹಿಡಿಯುತ್ತದೆ ನಿಜ. ಆದರೆ ಒತ್ತನ್ನೂ ತೋರಿಸಲ್ಲ, ಆ ನುಂಗಿದ ಅ ಸ್ವರವನ್ನೂ ತೋರಿಸಲ್ಲ. ಸ ಮತ್ತು ಅದರ ಗುಂಯ್‌ಗುಡುವ ಜೋಡಿ, ಅಂದರೆ ರೋಸ್ ಹೂವಿನ ಕೊನೆಯ ಸದ್ದು, ಇದಕ್ಕೆ ಕೆಳಗೆ ಚುಕ್ಕಿ ಹಾಕದಿದ್ದರೆ ಅದೂ ಮಾಯ.

ಹಳೇಪೆನ್ಸಿಲ್:
ಸರಿ, ಸೋತೆ. ತಿದ್ದುಪಡಿ: ಕನ್ನಡ ಅಕ್ಷರದಲ್ಲಿ ಬರೆಯಿರಿ, ಒತ್ತಿನ ತುಂಡಿನ ಕೆಳಗೆ ಗೆರೆ ಎಳೆಯಿರಿ, ಒತ್ತಿಲ್ಲದ ಕಡೆ ಬಹಳ ಸಲ ಸ್ವರ ಕರಗಿ ಅ ಆಗಿರುತ್ತದೆ ಅಂತ ನೆನಪಿಡಿ. ಈಗ ಪಾಸಾ?

ಕಿವಿಮಾತು:
ಪಾಸು. ಗೆರೆ ಎಳೆದ ಮೇಲೆ ಮುಂದಿನ ಕೆಲಸ ನಮಗೆ ಬಲು ಸುಲಭ. ಬಾಲ ಹಾಗೇ ಇಟ್ಟುಕೊಂಡು ತಲೆ ಮಾತ್ರ ಕ ದಿಂದ ಹ ತನಕ ಬದಲಿಸುತ್ತಾ ಹೋಗುವುದು. ಐಟ್ ಅನ್ನುವ ಬಾಲ ತಗೊಳ್ಳಿ. ಕೈಟ್, ಟೈಟ್, ನೈಟ್, ಫೈಟ್, ಬೈಟ್, ಮೈಟ್, ರೈಟ್, ಲೈಟ್, ವೈಟ್, ಸೈಟ್. ಆಮೇಲೆ ಜೋಡಿ ವ್ಯಂಜನ: ಫ್ಲೈಟ್, ಬ್ರೈಟ್, ಸ್ಲೈಟ್, ಫ್ರೈಟ್. ಎಲ್ಲರೂ ಮರೆಯುವುದು ಈ ಎರಡನೇ ಸುತ್ತನ್ನು. ಮೂರನೇ ಸುತ್ತು, ಮುಂದೆ ಒಂದು ತುಂಡು ಜಾಸ್ತಿ ಇರುವವು: ಡಿಲೈಟ್, ಇನ್ವೈಟ್, ಟುನೈಟ್.

ಒಂದು ಎಚ್ಚರಿಕೆ. ಟುನೈಟ್‌ಗೆ ನೈಟ್ ಹಾಕಬೇಡಿ. ಒತ್ತಿನ ಸ್ವರದ ಮುಂಚಿನ ನ್ ಎರಡರಲ್ಲೂ ಒಂದೇ ಆಗಿಬಿಟ್ಟಿತು. ಬಿಲೀವ್, ಲೀವ್ ಕೂಡ ಹಾಗೇ. ಅದು ಪ್ರಾಸಕ್ಕಿಂತ ಅದೇ ಸದ್ದನ್ನು ಇನ್ನೊಮ್ಮೆ ಹೇಳಿದ ಹಾಗೆ ಕೇಳಿಸುತ್ತದೆ. ಫ್ರೆಂಚ್ ಪದ್ಯದವರು ಇದನ್ನು ಶ್ರೀಮಂತ ಪ್ರಾಸ ಅಂತ ಮೆಚ್ಚುತ್ತಾರೆ. ಇಂಗ್ಲಿಷ್‌ನವರಿಗೆ ಸೋಮಾರಿತನ ಅನ್ನಿಸುತ್ತದೆ.

ಬಗ್‌ಬೇಟೆ:
ನಾನು ಸಾಹಿತ್ಯದವನಲ್ಲ, ಕೋಡ್ ಬರೆಯುವವನು. ಆದರೆ ಈ ಪ್ರಶ್ನೆ ನನಗೆ ಬಹಳ ಇಷ್ಟ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣೆ ನಿಘಂಟು ಒಂದಿದೆ, ಪುಕ್ಕಟೆ. 1,34,000ಕ್ಕೂ ಜಾಸ್ತಿ ಪದ. ಅರ್ಥ ಇಲ್ಲ, ಬರೀ ಸದ್ದು. ಇಡೀ ಇಂಗ್ಲಿಷನ್ನು 39 ಸದ್ದುಗಳಲ್ಲಿ ಬರೆದಿದ್ದಾರೆ. ಪ್ರತಿ ಸ್ವರದ ಪಕ್ಕ ಒಂದು ಅಂಕಿ: ಪೂರ್ತಿ ಒತ್ತಿಗೆ 1, ಸಣ್ಣ ಒತ್ತಿಗೆ 2, ಒತ್ತಿಲ್ಲದ್ದಕ್ಕೆ 0. ಸೈಲೆನ್ಸ್ ತೆಗೆದರೆ ಸಿಗುವುದು: ಎಸ್, ಎವೈ1, ಎಲ್, ಎಎಚ್0, ಎನ್, ಎಸ್. ಕಿವಿಮಾತು ಅವರು ಅಷ್ಟು ಹೇಳಿದ್ದು ಇಲ್ಲಿ ಎರಡು ಅಂಕಿಯಲ್ಲಿದೆ, ಆ 1 ಮತ್ತು 0.

ಪ್ರಾಸ ಹುಡುಕುವ ಕೋಡ್ ಹತ್ತು ಹನ್ನೆರಡು ಸಾಲು. 1 ಇರುವ ಸ್ವರದಿಂದ ಕೊನೆ ತನಕ ಕತ್ತರಿಸು, ಅದೇ ಬಾಲ ಇರುವ ಪದ ಎಲ್ಲ ಕೊಡು. ಓಡಿಸಿ ನೋಡಿದೆ. ಸೈಲೆನ್ಸ್‌ಗೆ ಹಾಡಿನಲ್ಲಿ ಹಾಕುವಂಥದ್ದು ವಯೊಲೆನ್ಸ್ ಬಿಟ್ಟರೆ ಏನೂ ಸಿಗಲಿಲ್ಲ. ಅದು ಕೂಡ ಎರಡೇ ತುಂಡಾಗಿ ವೈಲನ್ಸ್ ಅಂತ ಹೇಳಿದರೆ ಮಾತ್ರ. ಬಿಡಿಸಿ ಮೂರು ತುಂಡಾಗಿ ಹೇಳಿದರೆ ಬಾಲ ಬೇರೆ ಆಗುತ್ತದೆ. ಅಂದರೆ ಸುಮ್ನೆಬಂದೆ ಅವರು ಗುರಿ ಇಡದೆ ಹೊಡೆದರೂ ಸರಿಯಾಗಿ ಹೊಡೆದರು.

ಸುಮ್ನೆಬಂದೆ:
ಇದಕ್ಕೆ ಫೀಸ್ ಇಲ್ಲ.

ಬಗ್‌ಬೇಟೆ:
ಈ ಕೋಡಿನ ಒಂದು ಹುಳುಕೂ ಹೇಳಿಬಿಡುತ್ತೇನೆ. ಪ್ಯಾರಡೈಸ್ ಪದದಲ್ಲಿ 1 ಇರುವುದು ಮೊದಲ ತುಂಡಿನಲ್ಲಿ, ಡೈಸ್‌ನಲ್ಲಿ 2. ನಿಯಮ ಹಿಡಿದು ಕೂತರೆ ಪ್ಯಾರಡೈಸ್, ಐಸ್ ಸೇರಬಾರದು. ಆದರೆ ಜನ ಸೇರಿಸುತ್ತಾರೆ, ಕೇಳುವವರೂ ತಕರಾರು ಮಾಡಲ್ಲ. ಹಾಗಾಗಿ ಕೊನೆಯಲ್ಲಿ 2 ಇದ್ದರೆ ಅಲ್ಲಿಂದಲೂ ಒಮ್ಮೆ ಕತ್ತರಿಸಿ ಹುಡುಕಬೇಕು. ನಾನು ಬಹಳ ದಿನ ಅದನ್ನು ಬಿಟ್ಟು, ಪ್ರಾಸವೇ ಇಲ್ಲ ಅಂತ ತಪ್ಪು ತಪ್ಪು ಉತ್ತರ ಕೊಡುತ್ತಿದ್ದೆ.

ಇನ್ನೊಂದು, ಈ ನಿಘಂಟು ಅಮೆರಿಕದ ಬಾಯಿಯದ್ದು. ದಕ್ಷಿಣ ಇಂಗ್ಲೆಂಡಿನ ಕಡೆ ಡೋರ್, ಮೋರ್ ಪದಗಳ ಕೊನೆಯ ರ್ ನುಂಗುತ್ತಾರೆ. ಅವರಿಗೆ ಕಾನೂನಿನ ಲಾ ಮತ್ತು ಬಾಗಿಲಿನ ಡೋರ್ ಶುದ್ಧ ಪ್ರಾಸ. ಈ ಪಟ್ಟಿಯಲ್ಲಿ ಆ ಜೋಡಿ ಹುಟ್ಟುವುದೇ ಇಲ್ಲ.

ಶ್ರುತಿಪೆಟ್ಟಿಗೆ:
ತಡವಾಗಿ ಬಂದೆ. ಎಲ್ಲರೂ ಪದ ನೋಡುತ್ತಿದ್ದೀರಿ, ಯಾರೂ ರಾಗ ಕೇಳಲಿಲ್ಲ! ಅರ್ಧಸಾಲು ಅವರೇ, ಸೈಲೆನ್ಸ್ ಹಾಡುವಾಗ ಸ್ವರ ಎಲ್ಲಿ ನಿಲ್ಲುತ್ತದೆ? ಸೈ ಮೇಲಾ, ಲೆನ್ಸ್ ಮೇಲಾ?

ಹಾಡಿನಲ್ಲಿ ಒತ್ತನ್ನು ತಾಳ ಎಳೆದು ಬೇರೆ ಕಡೆ ಇಡಬಹುದು. ಕೊನೆಯ ತುಂಡು ಪೆಟ್ಟಿನ ಮೇಲೆ ಬಿದ್ದು ಎರಡು ಮಾತ್ರೆ ನಿಂತರೆ, ಆ ನುಂಗಿದ ಅ ತಾನಾಗಿ ಬಾಯಿ ಬಿಟ್ಟು ಎ ಆಗುತ್ತದೆ. ಆಗ ಸೈ-ಲೆನ್ಸ್ ಮತ್ತು ಸೆನ್ಸ್ ಚೆನ್ನಾಗಿಯೇ ಕೂರುತ್ತವೆ. ಹಳೆಯ ಇಂಗ್ಲಿಷ್ ಲಾವಣಿಗಳಲ್ಲಿ ಹೀಗೆ ಒತ್ತು ತಿರುಚಿದ್ದು ಬೇಕಾದಷ್ಟಿದೆ. ಸ್ವಲ್ಪ ಹಳ್ಳಿ ಸೊಗಡು ಬರುತ್ತದೆ, ಕೆಲವು ಹಾಡಿಗೆ ಅದೇ ಚೆಂದ.

ಅರ್ಧಸಾಲು:
ಈಗ ತಾಳ ಹಾಕಿಕೊಂಡು ಹಾಡಿ ನೋಡಿದೆ. ಸೈ ಎರಡು ಪೂರ್ತಿ ಮಾತ್ರೆ ನಿಲ್ಲುತ್ತದೆ. ಲೆನ್ಸ್ ಬರುವಷ್ಟರಲ್ಲಿ ರಾಗ ಕೆಳಗಿಳಿದು ಮುಗಿದೇ ಹೋಗಿರುತ್ತದೆ. ಸಂಗೀತ ಮಾಡಿದವರು ಇಂಗ್ಲಿಷ್ ಒತ್ತನ್ನು ಸರಿಯಾಗಿ ಹಿಡಿದೇ ಕೂರಿಸಿದ್ದಾರೆ ಅಂತ ಈಗ ಅರ್ಥವಾಯಿತು. ನಾನೊಬ್ಬನೇ ದಾರಿ ತಪ್ಪಿದವನು.

ಶ್ರುತಿಪೆಟ್ಟಿಗೆ:
ಹಾಗಿದ್ದರೆ ಸೆನ್ಸ್ ಬಿಡಿ. ಆದರೆ ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಸೈ ಅಷ್ಟು ಹೊತ್ತು ನಿಂತರೆ ಕೇಳುವವರ ಕಿವಿಯಲ್ಲಿ ಉಳಿಯುವುದು ಐ ಸ್ವರ. ಅದೊಂದು ಸರಿಯಾಗಿ ಕೂಡಿದರೆ ಬಾಲದಲ್ಲಿ ಸಣ್ಣಪುಟ್ಟ ಕಳ್ಳತನ ನಡೆಯುತ್ತದೆ. ಅರೆಪ್ರಾಸಕ್ಕೆ ಹೇಳಿ ಮಾಡಿಸಿದ ಜಾಗ ನಿಮ್ಮದು.

ಹಳೇಪೆನ್ಸಿಲ್:
ಅರೆಪ್ರಾಸ ಅಂದಿರಲ್ಲ, ಇಲ್ಲಿಂದ ನನ್ನ ಮನೆ ಅಂಗಳ. ಹತ್ತಿರದ ಪ್ರಾಸ ನಮಗೇನೂ ಹೊಸದಲ್ಲ. ಹಳಗನ್ನಡದ ಲಾಕ್ಷಣಿಕರು ವರ್ಗಪ್ರಾಸ, ಸಮೀಪಪ್ರಾಸ ಅಂತ ಹೆಸರೇ ಇಟ್ಟಿದ್ದಾರೆ. ಒಂದೇ ವರ್ಗದ ಅಕ್ಷರ ಬಂದರೆ ವರ್ಗಪ್ರಾಸ. ಶ, ಷ, ಸ ಥರ ಹತ್ತಿರದ ಸದ್ದು ಬಂದರೆ ಸಮೀಪಪ್ರಾಸ.

ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ಮಗ್ಗಿ ಹಾಗೆ ಐದು ಸಾಲಾಗಿ ಬರೆದುಕೊಳ್ಳಿ. ಅಡ್ಡ ಓದಿದರೆ ಕ ಖ ಗ ಘ ಙ. ಬಾಯಲ್ಲಿ ಜಾಗ ಒಂದೇ, ಗಾಳಿ ಬಿಡುವ ರೀತಿ ಬೇರೆ. ಈಗ ಉದ್ದಕ್ಕೆ, ಮೇಲಿಂದ ಕೆಳಗೆ ಓದಿ. ಮೊದಲ ಕಂಬದಲ್ಲಿ ಕ ಚ ಟ ತ ಪ. ಕೊನೆಯ ಕಂಬದಲ್ಲಿ ಙ ಞ ಣ ನ ಮ. ಇಲ್ಲಿ ರೀತಿ ಒಂದೇ, ಜಾಗ ಬೇರೆ.

ಇಂಗ್ಲಿಷ್ ಹಾಡಿನವರ ಅರೆಪ್ರಾಸ ಹೆಚ್ಚಾಗಿ ಈ ಕಂಬದಲ್ಲೇ ಇಳಿಯುತ್ತದೆ. ಸ್ವರ ಹಾಗೇ ಇಟ್ಟುಕೊಂಡು ಕೊನೆಯ ವ್ಯಂಜನ ಕಂಬದೊಳಗೆ ಬದಲಿಸುವುದು. ಬ್ಯಾಕ್, ಹ್ಯಾಟ್, ಮ್ಯಾಪ್. ಮೂಗಿನ ಕಂಬದಲ್ಲಿ ಹೋಮ್, ಅಲೋನ್. ಈ ಜೋಡಿಯನ್ನು ಎಷ್ಟು ಹಾಡಿನಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ, ಅರೆಪ್ರಾಸ ಅಂತ ಗೊತ್ತೂ ಆಗಲ್ಲ. ಅಡ್ಡ ಸಾಲಿನಲ್ಲಿ ಒಂದು ಹೆಜ್ಜೆ ಇಡಬಹುದು, ಕ ದಿಂದ ಗ, ಪ ದಿಂದ ಬ: ಬ್ಯಾಕ್, ಬ್ಯಾಗ್. ಆದರೆ ಅಡ್ಡ ಸಾಲಿನ ತುದಿ ತನಕ ಜಿಗಿದರೆ ಕಾಲು ಉಳುಕುತ್ತದೆ. ಟೈಪ್, ಟೈಮ್ ಒಂದೇ ಸಾಲಿನವು, ಆದರೂ ನನ್ನ ಕಿವಿಗೆ ಲೈನ್, ಟೈಮ್‌ನಷ್ಟು ಹತ್ತಿರ ಅಲ್ಲ.

ಸ, ಶ, ಫ, ವ ಮತ್ತು ಆ ಗುಂಯ್‌ಗುಡುವ ಸದ್ದು, ಇವು ಉಸಿರು ಎಳೆದುಕೊಂಡು ಹೋಗುವವು, ಇವುಗಳದ್ದೇ ಬೇರೆ ಗುಂಪು. ರ, ಲ ಎರಡೇ ಜನರ ಮನೆ.

ಬಗ್‌ಬೇಟೆ:
ಹಳೇಪೆನ್ಸಿಲ್ ಅವರೇ, ನಿಮ್ಮ ಕಂಬ ನೇರ ಕೋಡ್‌ಗೆ ಇಳಿಯುತ್ತದೆ! ಒಂದೊಂದು ಕಂಬಕ್ಕೆ ಒಂದೊಂದು ಗುರುತು ಕೊಟ್ಟು, ಸದ್ದಿನ ಬದಲು ಗುರುತು ಹೋಲಿಸಿದರೆ ಆಯಿತು. ರಾತ್ರಿ ಕೂತು ಮಾಡಿದೆ. ಸೈಲೆನ್ಸ್‌ಗೆ ಮೂರು ಸಡಿಲ ಕೊಟ್ಟೆ. ಲ ಬದಲು ರ ಬಂದರೂ ಸರಿ. ಕೊನೆಯ ಸ್ ಗುಂಯ್‌ಗುಟ್ಟಿದರೂ ಸರಿ. ನ್ ಮತ್ತು ಸ್ ಮಧ್ಯೆ ಟ್ ಅಥವಾ ಡ್ ನುಸುಳಿದರೂ ಸರಿ.

ಸೈರನ್ಸ್ ಬಂತು. ಐಲೆಂಡ್ಸ್ ಬಂತು. ಟೈರಂಟ್ಸ್ ಬಂತು.

ಮಧ್ಯದ ಲ ಇಲ್ಲದಿದ್ದರೂ ಸರಿ ಅಂದೆ ನೋಡಿ, ಪ್ರವಾಹ. ಸೈನ್ಸ್, ಜೈಂಟ್ಸ್, ಕ್ಲೈಂಟ್ಸ್, ಅಲಯನ್ಸ್, ಡಿಫಯನ್ಸ್. ಮಧ್ಯ ಯಾವ ವ್ಯಂಜನ ಬಂದರೂ ಸರಿ ಅಂದಾಗ ಗೈಡೆನ್ಸ್, ಲೈಸೆನ್ಸ್. ಇನ್ನೂ ಸಡಿಲ ಮಾಡಿದ್ದರೆ ನಿಘಂಟೇ ಉರುಳಿ ಬರುತ್ತಿತ್ತು, ನಿಲ್ಲಿಸಿದೆ. ಯಾವುದು ಹತ್ತಿರ, ಯಾವುದು ದೂರ ಅಂತ ನನ್ನ ಕೋಡ್‌ಗೆ ಗೊತ್ತಾಗಲ್ಲ. ಅದು ನಿಮ್ಮ ಕೆಲಸ.

ಸುಮ್ನೆಬಂದೆ:
ಕ್ಲೈಂಟ್ಸ್ ಮತ್ತು ಸೈಲೆನ್ಸ್! ಬಿಲ್ ಕಳಿಸಿದ ಮೇಲೆ ಈ ಎರಡು ಪದ ಒಟ್ಟಿಗೇ ಬರುತ್ತವೆ. ಪ್ರಾಸ ಅಲ್ಲ ಅಂದವರು ಯಾರು?

ಕಿವಿಮಾತು:
ಬಗ್‌ಬೇಟೆ ಅವರ ಪಟ್ಟಿಯನ್ನು ಬಾಯಲ್ಲಿ ಹಾಕಿ ನೋಡಿದೆ. ನನ್ನ ತೀರ್ಪು ಇದು, ಒಪ್ಪದವರು ಜಗಳಕ್ಕೆ ಬನ್ನಿ.

ಐಲೆಂಡ್ಸ್ ಎಲ್ಲಕ್ಕಿಂತ ಹತ್ತಿರ. ಬರೆದಾಗ ಡ್ ಇದೆ, ಮಾತಿನ ಓಟದಲ್ಲಿ ಅದು ಉದುರಿ ಐಲನ್ಸ್ ಥರವೇ ಆಗುತ್ತದೆ. ಉಳಿದ ವ್ಯತ್ಯಾಸ ಕೊನೆಯ ಸದ್ದು ಗುಂಯ್‌ಗುಡುತ್ತದೆ ಅನ್ನೋದು ಮಾತ್ರ. ಹಾಡಿನಲ್ಲಿ ಅದನ್ನು ಹಿಡಿಯಲು ನಾಯಿಯ ಕಿವಿ ಬೇಕು.

ಟೈರಂಟ್ಸ್ ಎರಡನೆಯದು. ನ್ ಮತ್ತು ಸ್ ಮಧ್ಯೆ ಟ್ ಇದ್ದರೂ ಇಲ್ಲದಿದ್ದರೂ ಇಂಗ್ಲಿಷ್ ಮಾತಾಡುವ ಎಷ್ಟೋ ಜನಕ್ಕೆ ಒಂದೇ. ರಾಜಕುಮಾರನ ಪ್ರಿನ್ಸ್, ಅಚ್ಚಿನ ಪ್ರಿಂಟ್ಸ್ ಎರಡನ್ನೂ ಒಂದೇ ಥರ ಹೇಳುವವರಿದ್ದಾರೆ. ಗುಟ್ಟು ನಾಲಿಗೆಯಲ್ಲಿದೆ. ನ್ ಹೇಳಿ ಸ್‌ಗೆ ಜಾರುವಾಗ ನಾಲಿಗೆ ಒಂದು ಕ್ಷಣ ಅಂಟಿಕೊಂಡು ಬಿಡುತ್ತದೆ, ಆ ಬಿಡುವ ಸದ್ದೇ ಟ್. ಪ್ರಿನ್ಸ್ ಅಂತ ನಿಧಾನ ಹೇಳಿ, ನಿಮ್ಮ ಬಾಯಲ್ಲೇ ಸಿಗುತ್ತದೆ.

ಸೈರನ್ಸ್ ಚೆನ್ನಾಗಿದೆ, ಆದರೆ ಸೈ ಎರಡರಲ್ಲೂ ಒಂದೇ. ಟುನೈಟ್, ನೈಟ್ ಕಥೆ ಮತ್ತೆ. ಅರೆಪ್ರಾಸದಲ್ಲಿ ಅದು ಅಷ್ಟು ಕಾಡಲ್ಲ ಅನ್ನಿ.

ಲೈಸೆನ್ಸ್ ನನಗೆ ಮಜಾ ಅನ್ನಿಸಿದ್ದು. ಸೈಲೆನ್ಸ್‌ನ ಸ ಮತ್ತು ಲ ಜಾಗ ಬದಲಿಸಿದರೆ ಲೈಸೆನ್ಸ್. ಪ್ರಾಸ ಅನ್ನೋದಕ್ಕಿಂತ ಪದದಾಟ. ಗೈಡೆನ್ಸ್ ಪರವಾಗಿಲ್ಲ. ಸೈನ್ಸ್, ಡಿಫಯನ್ಸ್ ಎರಡರಲ್ಲೂ ನಡುವೆ ಒಂದು ಹಲ್ಲು ಬಿದ್ದ ಹಾಗೆ. ಓದುವ ಪದ್ಯದಲ್ಲಿ ಬೇಡ, ಹಾಡಿನಲ್ಲಿ ಸಾಗುತ್ತದೆ.

ಅರ್ಧಸಾಲು:
ಐಲೆಂಡ್ಸ್ ಅಂದ ತಕ್ಷಣ ಆಸೆಯಾಯಿತು. ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಮನೆಯಲ್ಲಿ ಎರಡು ದ್ವೀಪದ ಥರ ಇರುತ್ತಾರೆ, ಅರ್ಥವೂ ಕೂಡುತ್ತದೆ. ಆದರೆ ಎರಡು ದಿನ ಬಿಟ್ಟು ಓದಿದರೆ ಪ್ರಾಸಕ್ಕೋಸ್ಕರ ದ್ವೀಪ ತಂದಿದ್ದು ಎದ್ದು ಕಾಣುತ್ತಿದೆ. ಇಡೀ ಹಾಡಿನಲ್ಲಿ ಇರುವುದು ಅಡುಗೆಮನೆ, ಕನ್ನಡಕ, ಫೋನು. ನಡುವೆ ಸಮುದ್ರ ಎಲ್ಲಿಂದ ಬಂತು?

ಹಳೇಪೆನ್ಸಿಲ್:
ನಿಮ್ಮ ಮಾತು ಕೇಳಿ ಸಮಾಧಾನವಾಯಿತು. ಪೂರ್ಣಪ್ರಾಸ ಸಿಕ್ಕಿತು ಅಂತ ಅರ್ಥ ಮಾರುವವರನ್ನು ಜಾಸ್ತಿ ನೋಡಿದ್ದೇನೆ.

ಅರೆಪ್ರಾಸ ಅಂದರೆ ಬಡವರ ಪ್ರಾಸ ಅಂತಲೂ ತಿಳಿಯಬೇಡಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿ 1918ರಲ್ಲಿ ತೀರಿಕೊಂಡ ಕವಿ ವಿಲ್ಫ್ರೆಡ್ ಓವೆನ್ ಬೇಕೆಂದೇ ಪ್ರಾಸ ಮುರಿದರು. ಮುಂದಿನ, ಹಿಂದಿನ ವ್ಯಂಜನ ಹಾಗೇ ಇಟ್ಟು ನಡುವಿನ ಸ್ವರ ಬದಲಿಸುವುದು ಅವರ ರೀತಿ. ನಾನೇ ಒಂದು ಉದಾಹರಣೆ ಕೊಡುವುದಾದರೆ, ಲೀಫ್, ಲೈಫ್, ಲೋಫ್. ಪ್ರಾಸ ಬಂತು ಅನ್ನುವಷ್ಟರಲ್ಲಿ ಕೈತಪ್ಪುತ್ತದೆ. ಯುದ್ಧದ ಪದ್ಯಕ್ಕೆ ಆ ಕಸಿವಿಸಿಯೇ ಬೇಕಿತ್ತು.

ಸುಮ್ನೆಬಂದೆ:
ಸ್ವಲ್ಪ ದಾರಿ ತಪ್ಪಿಸುತ್ತೇನೆ. ಆರೆಂಜ್‌ಗೆ ಪ್ರಾಸವೇ ಇಲ್ಲ ಅನ್ನುತ್ತಾರಲ್ಲ, ನಿಜವಾ?

ಬಗ್‌ಬೇಟೆ:
ದಿನಬಳಕೆಯ ಪದಗಳಲ್ಲಿ ಇಲ್ಲ. ವೇಲ್ಸ್‌ನಲ್ಲಿ ಬ್ಲೋರೆಂಜ್ ಅಂತ ಒಂದು ಬೆಟ್ಟ ಇದೆ, ಪ್ರಾಸಪ್ರಿಯರು ಅದನ್ನೇ ಹಿಡಿದು ಜೋತಾಡುತ್ತಾರೆ. ಸಿಲ್ವರ್‌ಗೆ ಚಿಲ್ವರ್, ಹೆಣ್ಣು ಕುರಿಮರಿ ಅಂತ ಅರ್ಥ. ಪರ್ಪಲ್‌ಗೆ ಹರ್ಪಲ್, ಕುಂಟುತ್ತಾ ನಡೆಯುವುದು, ಸ್ಕಾಟ್ಲೆಂಡಿನ ಕಡೆಯ ಮಾತು. ತಿಂಗಳು ಅನ್ನುವ ಮಂತ್‌ಗೆ ಗಣಿತದವರ "ಎನ್ ಪ್ಲಸ್ ವನ್‌ತ್" ಬಿಟ್ಟರೆ ಗತಿಯಿಲ್ಲ. ಇವನ್ನು ಹಾಡಿನಲ್ಲಿ ಹಾಕಿದರೆ ಪ್ರತಿ ಸಲ ಅಡಿಟಿಪ್ಪಣಿ ಹಾಡಬೇಕು.

ಶ್ರುತಿಪೆಟ್ಟಿಗೆ:
ಆರೆಂಜ್‌ಗೆ ಎರಡು ಪದ ಸೇರಿಸಿ ಡೋರ್ ಹಿಂ‌ಜ್ ಅನ್ನುವವರಿದ್ದಾರೆ, ಬಾಗಿಲ ಕೀಲು. ಓದಿದರೆ ನಗು ಬರುತ್ತದೆ, ವೇಗವಾಗಿ ಹಾಡಿದರೆ ಸೇರಿಬಿಡುತ್ತದೆ.

ಅರ್ಧಸಾಲು ಅವರೇ, ನಿಮ್ಮ ದಾರಿಯೂ ಇದೇ ಇರಬಹುದು. ಇಲ್ಲಿ ಎಲ್ಲರೂ ಒಂದೇ ಪದ ಹುಡುಕುತ್ತಿದ್ದಾರೆ. ನಿಘಂಟಿನಲ್ಲಿ ಪದಗಳು ಒಂಟಿಯಾಗಿವೆ, ಅದಕ್ಕೇ ಕೋಡ್‌ಗೂ ಜೋಡಿ ಸಿಗಲ್ಲ. ಪೊಯೆಟ್ ಪದಕ್ಕೆ ನೋ ಇಟ್ ಅಂತ ಎರಡು ಪದ ಸೇರಿಸಿದರೆ ಪೂರ್ತಿ ಪ್ರಾಸ. ಸೈಲೆನ್ಸ್‌ಗೂ ಹೀಗೆ ಒಡೆದು ನೋಡಿ. ಮೊದಲು ಐಲ್ ಇರುವ ಪದ: ಸ್ಮೈಲ್, ಮೈಲ್, ವೈಲ್, ಸ್ಟೈಲ್, ಫೈಲ್. ಅದರ ಹಿಂದೆ ಒತ್ತಿಲ್ಲದೆ ಜಾರುವ ಒಂದು ಸಣ್ಣ ಪದ, ನ್ಸ್ ಅಂತ ಮುಗಿಯುವುದು.

ಕಿವಿಮಾತು:
ಸಿನ್ಸ್!

ಅರ್ಧಸಾಲು:
ಅ ವೈಲ್ ಸಿನ್ಸ್.

ಒಂದು ನಿಮಿಷ ಇರಿ.

ಅರ್ಧಸಾಲು:
ಬಂದೆ. "ಇಟ್ಸ್ ಬೀನ್ ಅ ವೈಲ್ ಸಿನ್ಸ್" ಅಂತ ಸಾಲು ನಿಲ್ಲುತ್ತದೆ. ಮುಂದಿನ ಸಾಲಿನಲ್ಲಿ "ಯೂ ಕಾಲ್ಡ್ ಮಿ ಬೈ ಮೈ ನೇಮ್". ಅಜ್ಜಿಗೆ ಮರೆವು ಶುರುವಾಗಿದೆ, ಮೊಮ್ಮಗಳ ಹೆಸರು ಬಾಯಿಗೆ ಬರುವುದಿಲ್ಲ, ಕಥೆಯೇ ಅದು. ನಾನು ಎರಡು ವಾರದಿಂದ ಈ ಮಾತು ಎಲ್ಲಿ ಹೇಳಲಿ ಅಂತ ಒದ್ದಾಡುತ್ತಿದ್ದೆ. ಪ್ರಾಸ ಹುಡುಕಲು ಹೋಗಿ ಅದು ಸಿಕ್ಕಿತು.

ಕಿವಿಮಾತು:
ಚೆನ್ನಾಗಿದೆ. ಲೆಕ್ಕ ಹಾಕಿದರೆ ನಡುವೆ ಒಂದು ಸ ಜಾಸ್ತಿ ಇದೆ, ಸ್ವರವೂ ಪೂರ್ತಿ ಅ ಅಲ್ಲ, ಇ ಕಡೆ ವಾಲುತ್ತದೆ. ಆದರೆ ಒತ್ತು ಬಿದ್ದ ಐಲ್ ಕೂಡುತ್ತದೆ, ಕೊನೆಯ ನ್ಸ್ ಕೂಡುತ್ತದೆ. ವೈಲ್ ಮೇಲೆ ನಿಂತು, ಸಿನ್ಸ್ ಅನ್ನು ಉಸಿರಿನ ಜೊತೆ ಬಿಡಲು ಹೇಳಿ. ಸಿನ್ಸ್ ಒತ್ತಿ ಹಾಡಿದರೆ ಮತ್ತೆ ಸೆನ್ಸ್ ಕಥೆಯೇ.

ಶ್ರುತಿಪೆಟ್ಟಿಗೆ:
ಇನ್ನೊಂದು ಚಿಕ್ಕ ಕೆಲಸ ಮಾಡಿ. ಸಾಲು ಅದಲು ಬದಲು ಮಾಡಿ. ವೈಲ್ ಸಿನ್ಸ್ ಎರಡನೇ ಸಾಲಿಗೆ ಬರಲಿ, ಸೈಲೆನ್ಸ್ ನಾಲ್ಕಕ್ಕೆ ಹೋಗಲಿ. ಮೊದಲು ಬಂದ ಪದವನ್ನು ಯಾರೂ ಪ್ರಾಸ ಅಂತ ಕೇಳಲ್ಲ, ಅದು ಬರೀ ಮಾತು. ಕಿವಿ ಪರೀಕ್ಷೆ ಮಾಡುವುದು ಎರಡನೆಯದನ್ನು. ಎಳೆದು ತಂದ ಪದ ಮೊದಲು ಬಂದು, ಸಹಜವಾದ ಪದ ಆಮೇಲೆ ಬಂದರೆ ಎಳೆದದ್ದು ಗೊತ್ತೇ ಆಗಲ್ಲ.

ಹಳೇಪೆನ್ಸಿಲ್:
ಇದು ಕನ್ನಡಕ್ಕೂ ಸಲ್ಲುತ್ತದೆ. ನಲವತ್ತು ವರ್ಷ ಉಲ್ಟಾ ಬರೆದೆ ನಾನು.

ಅರ್ಧಸಾಲು:
ಹೇಳೋದು ಮರೆತಿದ್ದೆ. ಮೊನ್ನೆ ಹಾಡು ರೆಕಾರ್ಡ್ ಆಯಿತು. ಸಾಲು ಅದಲು ಬದಲು ಮಾಡಿಯೇ ಕೊಟ್ಟೆ. ಗಾಯಕಿ ಹಾಳೆ ತಗೊಂಡು ಒಂದು ಸಲ ಒಳಗೊಳಗೇ ಗುನುಗಿದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಪ್ರಾಸದ ಬಗ್ಗೆ ಒಂದು ಮಾತೂ ಇಲ್ಲ. "ಸಿನ್ಸ್ ಆದ ಮೇಲೆ ಸಾಲು ಮುಂದಕ್ಕೆ ಓಡುತ್ತಲ್ಲ, ನಾನು ಉಸಿರು ಎಲ್ಲಿ ತಗೊಳ್ಳಲಿ?" ಅಂತ ಕೇಳಿದರು ಅಷ್ಟೇ.

ಶ್ರುತಿಪೆಟ್ಟಿಗೆ:
ಎಲ್ಲಿ ತಗೊಂಡರು?

ಅರ್ಧಸಾಲು:
ಸಿನ್ಸ್ ಆದ ಕೂಡಲೇ. ಅಲ್ಲಿ ಒಂದು ಮಾತ್ರೆ ಖಾಲಿ ಬಿಟ್ಟರು. ಅಜ್ಜಿ ಹೆಸರು ನೆನಪಿಸಿಕೊಳ್ಳುವ ಹಾಗೆ ಕೇಳಿಸುತ್ತದೆ. ನಾನು ಬರೆದದ್ದಲ್ಲ ಅದು.

ಸುಮ್ನೆಬಂದೆ:
ಕ್ಲೈಂಟ್ಸ್ ಸಾಲು ಇನ್ನೂ ಖಾಲಿ ಇದೆ. ಬೇಕಾದವರು ತಗೊಳ್ಳಿ. ಬಿಲ್ ಆಮೇಲೆ ಕಳಿಸುತ್ತೇನೆ.